‘ಆಗೋದಿಲ್ಲ’ ಎಂಬುದನ್ನು ಬರೆದು ಕೊಡಿ

ಆಳಂದದ ಲಾಡ್ಲೆ ಮಶಾಕ್ ದರ್ಗಾದ ಮುಂದೆ, ಅಫಜಲಪುರ ತಾಲ್ಲೂಕಿನ ದೇವಲಗಾಣಗಾಪುರದ ದತ್ತನ ಗುಡಿಯ ಹಾದಿಯಲ್ಲಿ ಸಾಲಾಗಿ ಕೂತವರ ತಟ್ಟೆಗೆ ನಾಣ್ಯ ಹಾಕುವ ಭಕ್ತರು ಯಾರೂ ‘ನಿನಗೆ ಎಷ್ಟು ಪರ್ಸೆಂಟ್?’ ಎಂದು ಕೇಳುವುದಿಲ್ಲ. ಕೇಳುವುದು ಸರ್ಕಾರ ಮಾತ್ರ. ಭಿಕ್ಷೆಗೆ ಪ್ರಮಾಣಪತ್ರ ಬೇಡ, ಹಕ್ಕಿಗೆ ಬೇಕು. ಇದರಲ್ಲಿ ತಪ್ಪಿದೆ ಎಂದು ನಾನು ಹೇಳುತ್ತಿಲ್ಲ. ಬೊಕ್ಕಸದ ಹಣ ಕೊಡುವಾಗ ಯಾರಿಗೆ, ಏಕೆ ಎಂಬ ಲೆಕ್ಕ ಇರಲೇಬೇಕು. ನನ್ನ ತಕರಾರು ಲೆಕ್ಕದ ಬಗ್ಗೆ ಅಲ್ಲ. ಲೆಕ್ಕ ತಪ್ಪಿದಾಗ ಅದನ್ನು ತಿದ್ದಿಸಿಕೊಳ್ಳುವ ಬಾಗಿಲು ಕಾನೂನಿನಲ್ಲಿದೆ, ನಮ್ಮ ತಾಲ್ಲೂಕುಗಳಲ್ಲಿ ಯಾರಿಗೂ ಕಾಣುವುದಿಲ್ಲ ಎಂಬುದರ ಬಗ್ಗೆ.

ಮೊದಲು ಅಂಕಿಯ ಮಾತು. ಶೇಕಡಾ 40 ಎಂಬ ಗೆರೆಯನ್ನು ಎಳೆದದ್ದು 1995ರ ಅಂಗವಿಕಲರ ಕಾಯ್ದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆ ಗೆರೆಯನ್ನು ಹಾಗೇ ಉಳಿಸಿಕೊಂಡು, ಏಳು ಬಗೆಯ ವೈಕಲ್ಯವನ್ನು ಇಪ್ಪತ್ತೊಂದಕ್ಕೆ ಏರಿಸಿತು. ಕರ್ನಾಟಕದಲ್ಲಿ 2021ರ ಜುಲೈನಲ್ಲಿ ಶೇ 40ರ ಮೇಲೆ 75ರೊಳಗಿನವರ ಮಾಸಾಶನವನ್ನು 600 ರೂಪಾಯಿಯಿಂದ 800ಕ್ಕೆ ಏರಿಸಲಾಯಿತು. 75 ದಾಟಿದವರಿಗೆ ಆಗ 1,400 ಇತ್ತು. ಕೇಂದ್ರದ ಇಂದಿರಾ ಗಾಂಧಿ ಹೆಸರಿನ ಅಂಗವಿಕಲ ಪಿಂಚಣಿಗೆ ಶೇ 80 ಬೇಕು. 2012ರಲ್ಲಿ ಅದು 200ರಿಂದ 300 ರೂಪಾಯಿಗೆ ಏರಿದ್ದು, ಅಲ್ಲಿಗೇ ಕಾಲು ಚಾಚಿ ಮಲಗಿದೆ. ಹೀಗಾಗಿ 39 ಎಂದು ಬರೆದರೆ ಸೊನ್ನೆ, 40 ಎಂದು ಬರೆದರೆ ವರ್ಷಕ್ಕೆ 9,600 ರೂಪಾಯಿ. 74ಕ್ಕೂ 75ಕ್ಕೂ ನಡುವೆ ವರ್ಷಕ್ಕೆ 7,200 ರೂಪಾಯಿ. ಒಬ್ಬ ವೈದ್ಯನ ಪೆನ್ನಿನ ಒಂದು ಗೀಟು ಒಂದು ಬಡ ಮನೆಯ ಜೋಳದ ಚೀಲವನ್ನು ನಿರ್ಧರಿಸುತ್ತದೆ.

ಇಲ್ಲಿಯೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. 2016ರ ಕಾಯ್ದೆಯ 24ನೇ ಕಲಮು, ಅಂಗವಿಕಲರಿಗೆ ಕೊಡುವ ನೆರವು ಇತರರಿಗಿರುವ ಅಂಥದೇ ಯೋಜನೆಗಳ ಮೊತ್ತಕ್ಕಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಎನ್ನುತ್ತದೆ. ಅದೇ 2021ರ ಜುಲೈನ ಅದೇ ಘೋಷಣೆಯಲ್ಲಿ ವಿಧವಾ ವೇತನ 800, ಸಂಧ್ಯಾ ಸುರಕ್ಷಾ 1,200, ಅಂಗವಿಕಲರಿಗೆ 800. ವಿಧವೆಯರಿಗೂ ವೃದ್ಧರಿಗೂ ಅದು ಹೆಚ್ಚಾಯಿತೆಂದು ನಾನು ಹೇಳಲಾರೆ, ಅವರಿಗೂ ಸಾಲದು. ಆದರೆ 800ರ ಮೇಲೆ ಶೇ 25 ಎಂದರೆ 1,000. 1,200ರ ಮೇಲೆ ಶೇ 25 ಎಂದರೆ 1,500. ಶಾಲೆ ಕಲಿಯುವ ಹುಡುಗ ಮಾಡುವ ಲೆಕ್ಕವನ್ನು ವಿಧಾನಸೌಧ ಮಾಡಲಿಲ್ಲ. ಒಬ್ಬ ಕುಂಟನ ಶೇಕಡಾವಾರನ್ನು ಪ್ರೊಟ್ರ್ಯಾಕ್ಟರ್ ಇಟ್ಟು ಅಳೆಯುವ ಪ್ರಭುತ್ವ, ತಾನು ಕೊಡಬೇಕಾದ ಶೇಕಡಾವಾರನ್ನು ಮಾತ್ರ ಅಳೆದುಕೊಳ್ಳಲಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ಮೂರೂ ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ‘ಅತ್ಯಂತ ಹಿಂದುಳಿದ’ ಎಂದು ಪಟ್ಟಿ ಮಾಡಿದ 39 ತಾಲ್ಲೂಕುಗಳಲ್ಲಿ ಸೇರಿವೆ. ಆ 39ರಲ್ಲಿ 21 ಕಲಬುರಗಿ ವಿಭಾಗದವೇ. ಇಲ್ಲಿಯ ವೈಕಲ್ಯ ಎಲ್ಲಿಂದ ಬರುತ್ತದೆ ಎಂದು ಹುಡುಕಲು ಸಂಶೋಧನೆ ಬೇಕಿಲ್ಲ. ತೊಗರಿ ರಾಶಿ ಮಾಡುವ ಯಂತ್ರಕ್ಕೆ ಕೈ ಕೊಟ್ಟವರು, ಕಬ್ಬು ಕಡಿಯುವಾಗ ಕಣ್ಣಿಗೆ ರವದಿ ಚುಚ್ಚಿಸಿಕೊಂಡವರು, ಪುಣೆ ಮುಂಬೈಗಳಲ್ಲಿ ಕಟ್ಟಡದ ಮೇಲಿಂದ ಬಿದ್ದು ಊರಿಗೆ ಮರಳಿದವರು, ಪೋಲಿಯೋ ಹನಿ ಮನೆ ಬಾಗಿಲಿಗೆ ಬರುವ ಮೊದಲೇ ಹುಟ್ಟಿ ಈಗ ನಲವತ್ತು ದಾಟಿದವರು. ಭಾರತ 2014ರ ಮಾರ್ಚಿನಲ್ಲಿ ಪೋಲಿಯೋ ಮುಕ್ತ ಎಂದು ಘೋಷಣೆಯಾಯಿತು. ಪೋಲಿಯೋ ಹೋಯಿತು, ಅದು ಬಿಟ್ಟುಹೋದ ಕಾಲುಗಳು ಇಲ್ಲೇ ಇವೆ.

ಶಿಬಿರದ ದಿನ ಏನಾಗುತ್ತದೆ? ಖಜೂರಿಯವನು, ಕರಜಗಿಯವನು, ಜೇರಟಗಿಯವನು ಒಬ್ಬ ಜೊತೆಗಾರನನ್ನು ಕರೆದುಕೊಂಡು ಬಸ್ಸು ಹತ್ತಿ ಬರುತ್ತಾನೆ. ಜೊತೆಗೆ ಬಂದದ್ದು ಹೆಂಡತಿಯಾದರೆ 2023ರ ಜೂನ್‌ನಿಂದ ‘ಶಕ್ತಿ’ಯ ದೆಸೆಯಿಂದ ಆಕೆಗೆ ಟಿಕೆಟ್ ಇಲ್ಲ, ಗಂಡನಿಗೆ ಇದೆ. ಅಂಗವಿಕಲರಿಗೆ ನೂರು ಕಿಲೋಮೀಟರ್ ವ್ಯಾಪ್ತಿಯ ರಿಯಾಯಿತಿ ಪಾಸು ಉಂಟಲ್ಲ ಎನ್ನಬಹುದು. ಉಂಟು. ಅದಕ್ಕೆ ಪ್ರಮಾಣಪತ್ರ ಬೇಕು. ಪ್ರಮಾಣಪತ್ರ ತರಲು ಹೋಗುವ ಬಸ್ಸಿಗೆ ಪ್ರಮಾಣಪತ್ರ! ಅಲ್ಲಿ ಕೀಲುಮೂಳೆಯವರ ಮೇಜು ಒಂದು ಕಡೆ, ಕಣ್ಣಿನವರದು ಇನ್ನೊಂದು ಕಡೆ, ಕಿವಿಯವರು ಈ ಸಲ ಬಂದಿರುವುದಿಲ್ಲ. ಸಾಲು ಉದ್ದ, ವೈದ್ಯರು ಕಡಿಮೆ. ಎರಡು ನಿಮಿಷ ನೋಡಿ, ‘ಕಾಕಾ, ನಿಮಗ ಆಗೋದಿಲ್ಲ, ಹೋಗ್ರಿ’ ಎನ್ನುವುದರೊಳಗೆ ಹಿಂದಿನವನು ಮುಂದೆ ಬಂದಿರುತ್ತಾನೆ. ಆತ ಹೊರಗೆ ಬಂದು ಜೊತೆಗಾರನಿಗೆ ಹೇಳುವುದು ಅಷ್ಟೇ: ‘ಆಗೋದಿಲ್ಲ ಅಂದ್ರು.’ ಯಾರು ಅಂದರು, ಏಕೆ ಅಂದರು, ಎಷ್ಟು ಪರ್ಸೆಂಟ್ ಅಂದರು? ಯಾವುದಕ್ಕೂ ಕಾಗದವಿಲ್ಲ.

ಇಲ್ಲಿಯೇ ಇರುವುದು ಮೂಲ ಅನ್ಯಾಯ. ನಿರಾಕರಣೆ ಬಾಯಿಮಾತಿನಲ್ಲಿ ನಡೆದರೆ ಅದು ನಡೆದೇ ಇಲ್ಲ ಎಂದಾಗುತ್ತದೆ. ಪ್ರಶ್ನಿಸಲು ತೀರ್ಪೇ ಇಲ್ಲ. ಕಾಯ್ದೆಯ 59ನೇ ಕಲಮು ಸ್ಪಷ್ಟವಾಗಿದೆ: ಪ್ರಮಾಣೀಕರಿಸುವ ಪ್ರಾಧಿಕಾರದ ನಿರ್ಧಾರದಿಂದ ನೊಂದ ಯಾರೇ ಆಗಲಿ ರಾಜ್ಯ ಸರ್ಕಾರ ಗೊತ್ತುಪಡಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅರ್ಹರಲ್ಲ ಎಂದು ಕಂಡುಬಂದರೆ ಅದರ ಕಾರಣಗಳನ್ನು ಬರಹದಲ್ಲಿ ತಿಳಿಸಬೇಕು ಎಂದು 2017ರ ನಿಯಮಗಳು ಹೇಳುತ್ತವೆ. ಇದು ಹೊಸ ದಯೆಯೂ ಅಲ್ಲ. 1996ರ ಹಳೆಯ ನಿಯಮಗಳಲ್ಲೇ, ಅರ್ಜಿದಾರನ ಮಾತು ಕೇಳದೆ ಪ್ರಮಾಣಪತ್ರ ನಿರಾಕರಿಸಕೂಡದು, ಆತ ಮನವಿ ಕೊಟ್ಟರೆ ವೈದ್ಯಕೀಯ ಮಂಡಳಿ ತನ್ನ ನಿರ್ಧಾರವನ್ನು ಮರುಪರಿಶೀಲಿಸಬಹುದು ಎಂದಿತ್ತು. ಇಷ್ಟು ವರ್ಷಗಳ ನಂತರವೂ ನಮ್ಮ ಹಳ್ಳಿಗಳ ಎಷ್ಟು ಮಂದಿಗೆ ‘ಮೇಲ್ಮನವಿ’ ಎಂಬ ಪದ ಈ ಸಂದರ್ಭದಲ್ಲಿ ಕಿವಿಗೆ ಬಿದ್ದಿದೆ? ಹೊಲದ ಪಹಣಿ ತಪ್ಪಾದರೆ ಎಸಿ ಕೋರ್ಟಿಗೆ ಹೋಗಬೇಕೆಂದು ಓದು ಬಾರದ ರೈತನಿಗೂ ಗೊತ್ತು. ಮೈಯ ಪಹಣಿ ತಪ್ಪಾದರೆ ಎಲ್ಲಿಗೆ ಹೋಗಬೇಕೆಂದು ಓದಿದವನಿಗೂ ಗೊತ್ತಿಲ್ಲ.

2021ರ ಜೂನ್ 1ರಿಂದ ಪ್ರಮಾಣಪತ್ರಗಳನ್ನು ಯುಡಿಐಡಿ ಜಾಲತಾಣದ ಮೂಲಕವೇ ಕೊಡಬೇಕೆಂದು ಕಡ್ಡಾಯವಾಯಿತು. 2024ರ ತಿದ್ದುಪಡಿ ಕಾರ್ಡುಗಳಿಗೆ ಬಣ್ಣ ಹಚ್ಚಿತು: 40ಕ್ಕಿಂತ ಕೆಳಗಿದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಅದರ ಜೊತೆಗೇ ಪ್ರಮಾಣಪತ್ರ ಕೊಡುವ ಅವಧಿ ಒಂದು ತಿಂಗಳಿಂದ ಮೂರು ತಿಂಗಳಿಗೆ ಹಿಗ್ಗಿತು. ಬಿಳಿ ಕಾರ್ಡು ಬಂದವನು ಅದನ್ನು ಹರಿದು ಎಸೆಯುತ್ತಾನೆ, ಇದರಿಂದ ಏನೂ ಸಿಗುವುದಿಲ್ಲವೆಂದು. ಎಸೆಯಬಾರದು. ‘ಆಗೋದಿಲ್ಲ’ ಎಂಬುದಕ್ಕೆ ಸರ್ಕಾರ ಬರೆದುಕೊಟ್ಟ ಏಕೈಕ ಪುರಾವೆ ಅದು. ಅದರ ಮೇಲಿನ ಅಂಕಿಯೇ ಮೇಲ್ಮನವಿಯ ಮೊದಲ ಸಾಲು.

ಅಂಕಿ ತಪ್ಪಾಗುವುದು ಹೇಗೆ ಎಂಬುದನ್ನೂ ತಿಳಿದಿರಬೇಕು, ಇಲ್ಲವಾದರೆ ಮೇಲ್ಮನವಿ ಬರಿಯ ಗೋಳಾಗುತ್ತದೆ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಶೇ 30. ಅಂದರೆ ಒಕ್ಕಣ್ಣನಿಗೆ ಮಾಸಾಶನವಿಲ್ಲ. ಆದರೆ ಅದೇ ಮನುಷ್ಯನಿಗೆ ಕೈಬೆರಳುಗಳೂ ಹೋಗಿ, ಅದಕ್ಕೆ 20 ಬಂತೆನ್ನಿ. ಕಣ್ಣಿನ ಮೇಜಿನಲ್ಲಿ 30, ಅನರ್ಹ. ಮೂಳೆಯ ಮೇಜಿನಲ್ಲಿ 20, ಅನರ್ಹ. ಎರಡನ್ನೂ ಒಟ್ಟಿಗೆ ನೋಡಬೇಕೆಂದು ಮಾರ್ಗಸೂಚಿಯೇ ಒಂದು ಸೂತ್ರ ಕೊಟ್ಟಿದೆ: ದೊಡ್ಡ ಅಂಕಿಯನ್ನು 90ರಿಂದ ಕಳೆದು, ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಕೂಡಬೇಕು. 90ರಲ್ಲಿ 30 ಹೋದರೆ 60. 60ನ್ನು 20ರಿಂದ ಗುಣಿಸಿದರೆ 1,200. 90ರಿಂದ ಭಾಗಿಸಿದರೆ 13 ಚಿಲ್ಲರೆ. 30ಕ್ಕೆ ಕೂಡಿ, 43. ಆತ ಅರ್ಹ! ಎರಡು ಮೇಜುಗಳ ನಡುವಿನ ನಾಲ್ಕು ಹೆಜ್ಜೆ ಜಾಗದಲ್ಲಿ ಆತನ ಹಕ್ಕು ಕಳೆದುಹೋಗಿತ್ತು, ಅಷ್ಟೇ. ಸೂತ್ರವೂ ಉದಾರವಾದದ್ದೇನಲ್ಲ. 25 ಮತ್ತು 20 ಇದ್ದವನಿಗೆ ನಾವು ನೀವು ಕೂಡಿದರೆ 45. ಸೂತ್ರ ಕೂಡಿದರೆ 39.4. ಇಂಥವನ ಮುಂದೆ ವಿಜ್ಞಾನದ ಹೆಸರು ಹೇಳುವವರು ಆ ದಶಮಾಂಶ ಆರನ್ನು ಅವನ ಮೈಯಲ್ಲಿ ಎಲ್ಲಿಂದ ತರಬೇಕೆಂದೂ ಹೇಳಬೇಕು.

ಇನ್ನೊಂದು ತಪ್ಪು ಅವಧಿಯದು. ಬದಲಾಗುವ ಸಾಧ್ಯತೆ ಇಲ್ಲದ ವೈಕಲ್ಯಕ್ಕೆ ಕಾಯಂ ಪ್ರಮಾಣಪತ್ರ ಕೊಡಬೇಕೆಂಬುದು ಹಳೆಯ, ಹೊಸ ಎರಡೂ ನಿಯಮಗಳಲ್ಲಿದೆ. ಮೊಣಕಾಲ ಕೆಳಗೆ ಕತ್ತರಿಸಿದ ಕಾಲಿಗೆ ಐದು ವರ್ಷದ ಅವಧಿ ಬರೆದರೆ ಅದರ ಅರ್ಥವೇನು, ಕಾಲು ಚಿಗುರುತ್ತದೆಯೆಂದೇ? ಅವಧಿ ಮುಗಿದ ತಿಂಗಳೇ ಮಾಸಾಶನ ನಿಲ್ಲುತ್ತದೆ, ಮತ್ತೆ ಶಿಬಿರ, ಮತ್ತೆ ಸಾಲು.

ಗಡಿಯ ಹಳ್ಳಿಗಳ ಕಷ್ಟ ಬೇರೆ. ಆಳಂದ, ಅಫಜಲಪುರಗಳ ಪಶ್ಚಿಮದ ಹಳ್ಳಿಗಳವರಿಗೆ ಪೆಟ್ಟಾದರೆ ನೆನಪಾಗುವುದು ಸೊಲ್ಲಾಪುರ. ಅಲ್ಲಿಯ ಕಾಗದಗಳು ಮರಾಠಿಯಲ್ಲಿ. ಇಲ್ಲಿ ತಂದರೆ ‘ಇದು ಮಹಾರಾಷ್ಟ್ರದ್ದು’ ಎಂದು ಹಿಂದಕ್ಕೆ ಸರಿಸುತ್ತಾರೆ. 2017ರ ನಿಯಮಗಳು ವಾಸದ ಜಿಲ್ಲೆಯಲ್ಲಿ ಮಾತ್ರವಲ್ಲ, ಚಿಕಿತ್ಸೆ ಪಡೆದ ಸರ್ಕಾರಿ ಆಸ್ಪತ್ರೆಯ ಪ್ರಾಧಿಕಾರಕ್ಕೂ ಅರ್ಜಿ ಹಾಕಲು ಬಿಟ್ಟಿವೆ, ಮತ್ತು ಹಾಗೆ ಕೊಟ್ಟ ಪ್ರಮಾಣಪತ್ರಕ್ಕೆ ರಾಜ್ಯದ ಗಡಿ ಇಲ್ಲ. ಇದು ಗೊತ್ತಿಲ್ಲದ್ದಕ್ಕೆ ಎಷ್ಟು ಬಸ್ ಚಾರ್ಜು ಹಾಳಾಗಿದೆಯೋ!

ಹೆಸರಿನ ಗೊಂದಲವನ್ನು ಈ ಪತ್ರಿಕೆಯ ಓದುಗರಿಗೆ ನಾನು ವಿವರಿಸಬೇಕಿಲ್ಲ. ಆಧಾರಿನಲ್ಲಿ ಮಹಿಬೂಬ, ರೇಷನ್ ಕಾರ್ಡಿನಲ್ಲಿ ಮೈಬೂಬಸಾಬ, ಆಸ್ಪತ್ರೆಯ ಚೀಟಿಯಲ್ಲಿ ಮೆಹಬೂಬ್. ಮೂವರೂ ಒಬ್ಬನೇ, ಒಂದೇ ಕುಂಟುಗಾಲಿನವನು. ದಖನಿ ಉರ್ದುವಿನ ಹೆಸರುಗಳಿಗೂ ತಾಂಡಾಗಳ ಲಂಬಾಣಿ ಹೆಸರುಗಳಿಗೂ ಕಂಪ್ಯೂಟರ್ ಮುಂದೆ ಕೂತವನು ಬರೆದದ್ದೇ ಕಾಗುಣಿತ. ಆತ ಬರೆದ ತಪ್ಪಿಗೆ ಅಫಿಡವಿಟ್ ಮಾಡಿಸುವ ಖರ್ಚು ಇವನದು.

ಈಗ ಎದುರು ವಾದಕ್ಕೆ ಬರೋಣ. ‘ಬೋಗಸ್ ತುಂಬಿಹೋಗಿದೆ, ಬಿಗಿ ಮಾಡದಿದ್ದರೆ ಹೇಗೆ?’ ಬೋಗಸ್ ಇದೆ, ನಾನು ಇಲ್ಲವೆನ್ನುವುದಿಲ್ಲ. ಸುಳ್ಳು ಹೇಳಿ ಸವಲತ್ತು ಪಡೆದವರಿಗೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಎಂದು ಕಾಯ್ದೆಯ 91ನೇ ಕಲಮಿನಲ್ಲಿದೆ. ಹಾಕಲಿ. ಆದರೆ ಸುಳ್ಳು ಪ್ರಮಾಣಪತ್ರ ಆಕಾಶದಿಂದ ಉದುರುವುದಿಲ್ಲ. ಅದಕ್ಕೊಬ್ಬ ಸಹಿ ಹಾಕಿದವನಿದ್ದಾನೆ, ನಡುವೆ ಕೈ ಬೆಚ್ಚಗೆ ಮಾಡಿಕೊಂಡ ದಲ್ಲಾಳಿ ಇದ್ದಾನೆ. 2024ರಲ್ಲಿ ಮಹಾರಾಷ್ಟ್ರದಲ್ಲಿ ಒಬ್ಬ ಪ್ರೊಬೇಷನರಿ ಐಎಎಸ್ ಅಧಿಕಾರಿಯ ಪ್ರಮಾಣಪತ್ರದ ಬಗ್ಗೆ ದೇಶವೇ ಗದ್ದಲ ಮಾಡಿತು. ಅಂಥ ಮೇಲಿನವರ ಮೇಲೆ ಬಂದ ಸಂಶಯದ ಬಿಸಿ ಇಳಿಯುವುದು ಯಾರ ಮೇಲೆ? ನೆಲೋಗಿಯ ಒಬ್ಬ ಮುದುಕಿಯ ಮೇಲೆ, ಕಿವಿ ಕೇಳುವುದಿಲ್ಲವೆಂದು ತೋರಿಸಿಕೊಡಲು ಆಕೆ ಬೆರಾ ಪರೀಕ್ಷೆಗೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಸಂಶಯದ ಖರ್ಚನ್ನು ಬಡವರಿಂದ ವಸೂಲು ಮಾಡುವುದಕ್ಕೆ ಬಿಗಿ ಎಂಬ ಹೆಸರು ಸಲ್ಲದು.

ವೈದ್ಯರನ್ನು ಬೈಯುವುದು ನನ್ನ ಉದ್ದೇಶವಲ್ಲ. ಬೆಳಗ್ಗೆ ಹೆರಿಗೆ, ಮಧ್ಯಾಹ್ನ ಮರಣೋತ್ತರ ಪರೀಕ್ಷೆ, ನಡುವೆ ನೂರು ಜನರ ಶಿಬಿರ ಎಂದರೆ ಯಾರಿಂದಲೂ ನ್ಯಾಯ ಸಾಧ್ಯವಿಲ್ಲ. ಆದರೆ 371ಜೆ ಬಂದು ಇಷ್ಟು ವರ್ಷವಾದರೂ ಮೂರು ತಾಲ್ಲೂಕಿಗೆ ತಿಂಗಳಿಗೊಮ್ಮೆ ಮೂರು ತಜ್ಞರನ್ನು ಒಂದೇ ಮೇಜಿನ ಸುತ್ತ ಕೂರಿಸಲು ಆಗದಿದ್ದರೆ, 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ‘ಕಲ್ಯಾಣ’ ಎಂದು ಹೆಸರಿಟ್ಟದ್ದು ಯಾರ ಕಲ್ಯಾಣಕ್ಕೆ? ಹೆಸರಿಡುವುದರಲ್ಲಿ ನಾವು ನಿಸ್ಸೀಮರು. ಕುಂಟ ಅಂಗವಿಕಲನಾದ, ಅಂಗವಿಕಲ ವಿಕಲಚೇತನನಾದ, 2015ರ ಡಿಸೆಂಬರಿನಲ್ಲಿ ಪ್ರಧಾನಿಯ ಬಾಯಲ್ಲಿ ದಿವ್ಯಾಂಗನೂ ಆದ. ಮಾಸಾಶನ ಮಾತ್ರ ದಿವ್ಯವಾಗಲಿಲ್ಲ.

ನ್ಯಾಯಾಲಯಗಳು ಈ ಅಂಕಿಯ ಮೋಹವನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸುತ್ತಿವೆ. 2021ರ ಫೆಬ್ರುವರಿಯಲ್ಲಿ, ಬರೆಯಲು ಕೈ ಸೆಟೆಯುವ ಒಬ್ಬ ಅಭ್ಯರ್ಥಿಯ ಪ್ರಕರಣದಲ್ಲಿ, ಬರಹಗಾರನ ನೆರವು ಪಡೆಯಲು ಶೇ 40 ಇರಲೇಬೇಕೆಂಬುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. 2024ರ ಅಕ್ಟೋಬರ್ 15ರ ತೀರ್ಪು ಇನ್ನೂ ಮುಂದೆ ಹೋಯಿತು. ಅಲ್ಲಿ ವಿಚಿತ್ರ ತಿರುವು: ಮಾತಿನ ತೊಂದರೆ ಶೇ 40 ದಾಟಿದೆಯೆಂದೇ ಒಬ್ಬ ವಿದ್ಯಾರ್ಥಿಗೆ ಎಂಬಿಬಿಎಸ್ ಸೀಟು ನಿರಾಕರಿಸಲಾಗಿತ್ತು! ಮೌಲ್ಯಮಾಪನ ಮಂಡಳಿಗಳು ಅಂಕಿ ನೋಡಿ ತಳ್ಳಿಹಾಕುವ ಯಂತ್ರಗಳಾಗಬಾರದು, ಕಾರಣ ಬರೆಯಬೇಕು, ಮೇಲ್ಮನವಿ ಸಂಸ್ಥೆಗಳು ರಚನೆಯಾಗುವವರೆಗೆ ಅವುಗಳ ಪ್ರತಿಕೂಲ ಅಭಿಪ್ರಾಯವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು ಎಂದು ಕೋರ್ಟು ಹೇಳಿತು. ಆ ಪ್ರಕರಣ ವೈದ್ಯ ಶಿಕ್ಷಣದ್ದು, ಮಾಸಾಶನದ್ದಲ್ಲ, ನಿಜ. ಆದರೆ ಡಾಕ್ಟರಾಗಲು ಹೊರಟವನಿಗೆ ಕಾರಣ ಬರೆದುಕೊಡಬೇಕು, 800 ರೂಪಾಯಿ ಕೇಳುವವನಿಗೆ ಬೇಡ ಎಂದು ಯಾವ ನಾಲಿಗೆ ಹೇಳೀತು?

ಅಂಕಿ ಬಿಡಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಜಾವೇದ್ ಅಬಿದಿಯವರ ಬದುಕೇ ಸಾಕ್ಷಿ. ಅಲಿಗಢದಲ್ಲಿ 1965ರಲ್ಲಿ ಹುಟ್ಟಿದ, ಗಾಲಿ ಕುರ್ಚಿಯಲ್ಲಿ ಕೂತೇ ದೇಶದ ಅಂಗವಿಕಲರನ್ನು ಬೀದಿಗಿಳಿಸಿದ ಈ ಮನುಷ್ಯನ ನೇತೃತ್ವದ ದಿಲ್ಲಿಯ ಚಳವಳಿಯ ಒತ್ತಡವಿಲ್ಲದಿದ್ದರೆ 1995ರ ಕಾಯ್ದೆ ಆ ಡಿಸೆಂಬರಿನಲ್ಲಿ ಆಗುತ್ತಿರಲಿಲ್ಲ. ವಿಮಾನ ಪ್ರಯಾಣದ ರಿಯಾಯಿತಿಗಾಗಿ ಸುಪ್ರೀಂ ಕೋರ್ಟಿಗೆ ಹೋದರು, 1998ರಲ್ಲಿ ಗೆದ್ದರು. ತೀರ್ಪು ಏನೆಂದಿತು ಗೊತ್ತೇ? ಚಲನಾ ವೈಕಲ್ಯ ಶೇ 80 ಮತ್ತು ಮೇಲ್ಪಟ್ಟವರಿಗೆ ರಿಯಾಯಿತಿ. ಗೆಲುವಿನ ಒಳಗೇ ಮತ್ತೊಂದು ಗೆರೆ. 2018ರಲ್ಲಿ ತೀರಿಕೊಂಡ ಅಬಿದಿಯವರ ಹೆಸರು ನಮ್ಮ ಮೊಹಲ್ಲಾಗಳಲ್ಲಿ ಎಷ್ಟು ಮಂದಿಗೆ ಗೊತ್ತು? ಸಿನಿಮಾ ನಟರ ಹೆಸರು ಗೊತ್ತು.

ನಮ್ಮ ಸಮುದಾಯಕ್ಕೂ ಒಂದು ಮಾತು ಹೇಳಬೇಕು, ಯಾರಾದರೂ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ರಂಜಾನಿನಲ್ಲಿ ಝಕಾತ್‌ನ ಹಣದಿಂದ ಕುರುಡನಿಗೆ ಲುಂಗಿ ಕೊಡುವ ನಮ್ಮ ಜಮಾತ್‌ಗಳು ಆತನ ಕೈ ಹಿಡಿದು ತಾಲ್ಲೂಕು ಕಚೇರಿಗೆ ಹೋದದ್ದುಂಟೇ? ಮದುವೆಗೆ ಅಡ್ಡಿಯಾದೀತೆಂದು ಕಿವಿ ಕೇಳದ ಮಗಳ ಪ್ರಮಾಣಪತ್ರ ಮಾಡಿಸದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಕುರ್‌ಆನಿನ 80ನೇ ಅಧ್ಯಾಯದ ಹಿನ್ನೆಲೆ ನಮಗೆಲ್ಲ ಗೊತ್ತು. ಪ್ರವಾದಿ ಮುಹಮ್ಮದರು(ಸ) ಕುರೈಷ್ ಪ್ರಮುಖರ ಜೊತೆ ಮಾತಿನಲ್ಲಿದ್ದಾಗ ಅಂಧರಾದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್ ಏನೋ ಕೇಳಲು ಬಂದರು. ಪ್ರವಾದಿಯವರ ಹುಬ್ಬು ಗಂಟಿಕ್ಕಿತು, ಅವರು ಮುಖ ತಿರುಗಿಸಿದರು. ಆ ಕ್ಷಣಕ್ಕೆ ಆಕ್ಷೇಪವಾಗಿ ದಿವ್ಯವಾಣಿ ಇಳಿಯಿತು. ಆ ಆಕ್ಷೇಪವನ್ನು ಪ್ರವಾದಿಯವರು ಬಚ್ಚಿಡಲಿಲ್ಲ; ಅದು ಬರಹದಲ್ಲಿ ನಿಂತಿದೆ, ಇಂದಿಗೂ ನಮಾಜಿನಲ್ಲಿ ಪಠಣವಾಗುತ್ತದೆ. ಅದೇ ಇಬ್ನು ಉಮ್ಮಿ ಮಕ್ತೂಮ್ ಮದೀನಾದಲ್ಲಿ ಅಜಾನ್ ಕೂಗಿದರು, ಪ್ರವಾದಿಯವರು ಊರಲ್ಲಿಲ್ಲದಾಗ ಊರಿನ ಹೊಣೆ ಹೊತ್ತರು. ಅಂಥ ಪರಂಪರೆಯವರು ನಾವು, ಮಸೀದಿಯ ಮೆಟ್ಟಿಲಿಗೆ ಒಂದು ಇಳಿಜಾರು ಕಟ್ಟಲು ಹಣವಿಲ್ಲ ಎನ್ನುತ್ತೇವೆ, ಮಿನಾರಿಗೆ ಇದೆ.

ಹಾಗಾದರೆ ಏನು ಮಾಡಬೇಕು? ಆಡಳಿತದಿಂದ ಕೇಳಬೇಕಾದದ್ದು ದೊಡ್ಡದೇನಲ್ಲ. ಶಿಬಿರದಲ್ಲಿ ನೋಡಿದ ಪ್ರತಿಯೊಬ್ಬರ ಕೈಗೂ ಅಂಕಿ ಮತ್ತು ಕಾರಣ ಬರೆದ ಕಾಗದ. ಅದರ ಹಿಂಬದಿಯಲ್ಲಿ ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಎಂಬುದು ಕನ್ನಡದಲ್ಲಿ, ಉರ್ದುವಿನಲ್ಲಿ. ಮೇಲ್ಮನವಿಯ ಮರುಪರೀಕ್ಷೆ ಮೊದಲು ನೋಡಿದ ವೈದ್ಯರಿಂದಲೇ ಆಗಬಾರದು. ‘ಸಕಾಲ’ ಕಾಯ್ದೆ ಬಂದು ತಡವಾದ ದಿನಗಳನ್ನೇನೋ ಎಣಿಸುತ್ತದೆ, ತಪ್ಪಾದ ತೀರ್ಮಾನವನ್ನು ಎಣಿಸುವುದಿಲ್ಲ. ಆ ಕೆಲಸಕ್ಕೆ ಬೇರೆ ಕಣ್ಣು ಬೇಕು. ಪಂಚಾಯತಿಗಳಲ್ಲಿ ಗೌರವಧನದ ಮೇಲೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರಲ್ಲಿ ಹೆಚ್ಚಿನವರು ತಾವೇ ಅಂಗವಿಕಲರು. ಅರ್ಜಿ ತುಂಬುವುದಷ್ಟೇ ಅಲ್ಲ, ಮೇಲ್ಮನವಿ ಬರೆಯುವುದನ್ನೂ ಅವರಿಗೆ ಕಲಿಸಿ, ಬರೆದದ್ದಕ್ಕೆ ಅವರನ್ನು ಬೆದರಿಸದಿರಿ.

ಅದಾಗುವವರೆಗೆ ಕಾಯಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಅಂಗವಿಕಲರಿಗೆ ವಕೀಲರ ನೆರವು ಉಚಿತ. ತಾಲ್ಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇದೆ. ಬಾಯಿಮಾತಿನಲ್ಲಿ ಕಳಿಸಿದ್ದರೆ ಹತ್ತು ರೂಪಾಯಿ ಕಟ್ಟಿ, ಬಿಪಿಎಲ್ ಇದ್ದರೆ ಅದನ್ನೂ ಕಟ್ಟದೆ, 2005ರ ಮಾಹಿತಿ ಹಕ್ಕಿನಡಿ ನಿಮ್ಮ ತಪಾಸಣೆಯ ಹಾಳೆಯ ನಕಲು ಕೇಳಿ. ಮೂವತ್ತು ದಿನದೊಳಗೆ ಉತ್ತರ ಬರಬೇಕು. ಬೆಂಗಳೂರಿನ ರಾಜ್ಯ ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರಗಳಿವೆ, ಅವರಿಗೆ ದೂರು ಬರೆಯಲು ರಾತ್ರಿ ಬಸ್ಸು ಹತ್ತಬೇಕಿಲ್ಲ, ಅಂಚೆ ಸಾಕು. ಕೊನೆಗೆ ಹೈಕೋರ್ಟು ಎಂದರೂ ಅದು ಈಗ ದೂರವಿಲ್ಲ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಪೀಠ ಕಲಬುರಗಿಯಲ್ಲೇ ಕೂತಿದೆ.

ಮೇಲ್ಮನವಿಯಲ್ಲಿ ಕಣ್ಣೀರು ಬೇಡ. ಯಾವ ದಿನ, ಯಾವ ಶಿಬಿರ, ಯಾವ ಅಂಗವನ್ನು ನೋಡಿದರು, ಯಾವುದನ್ನು ನೋಡಲಿಲ್ಲ, ಎರಡು ವೈಕಲ್ಯಗಳನ್ನು ಕೂಡಿದರೋ ಇಲ್ಲವೋ, ಮೊದಲಿನ ಪ್ರಮಾಣಪತ್ರದಲ್ಲಿ ಎಷ್ಟಿತ್ತು, ಇಷ್ಟು ಬರೆಯಿರಿ. 59ನೇ ಕಲಮಿನ ಹೆಸರು ಮೊದಲ ಸಾಲಿನಲ್ಲೇ ಬರಲಿ. ಹಳೆಯ ಚೀಟಿ, ಎಕ್ಸ್‌ರೇಗಳ ಮೂಲಪ್ರತಿ ಕೊಡಬೇಡಿ, ಜೆರಾಕ್ಸ್ ಕೊಡಿ. ಮನವಿಯ ಎರಡು ಪ್ರತಿ ಒಯ್ದು, ಒಂದರ ಮೇಲೆ ತಾರೀಖು ಸಮೇತ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ. ‘ನಾಳೆ ಬರ್ರಿ, ಸಾಹೇಬ್ರಿಲ್ಲ’ ಎಂದರೆ ಮೊಹರಿಗೆ ಸಾಹೇಬರು ಬೇಕಿಲ್ಲ, ಟಪಾಲು ಗುಮಾಸ್ತ ಸಾಕು ಎಂದು ಹೇಳಿ, ಅಲ್ಲೇ ಕೂಡಿರಿ.